ಹಾರದ ಮೊಳೆ ಸಮೇತ ಒಂದು ರೈಲ್ವೆ ಸ್ಟೇಷನ್: ಮಡಿಕೇರಿಯ ಫ್ರೇಮ್ ಅಂಗಡಿಯೊಂದರ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಐದಕ್ಕೆ ನಾಲ್ಕೂವರೆ ಅಂಕ, ಟೈಮಿಗೆ ಐದಕ್ಕೆ ಒಂದು. ಒಂದು ವಾರ ಅಂದವರು ಆರು ವಾರ ಮಾಡಿದರು. ಆದರೂ ಇನ್ನೊಂದು ಫೋಟೋ ಇದ್ದರೆ ಅಲ್ಲಿಗೇ ಕೊಡುತ್ತೇನೆ.

ಅಂಗಡಿಯ ಹೆಸರು ಬರೆಯುತ್ತಿಲ್ಲ. "ಬರೆಯೋದಾದ್ರೆ ಬರೀರಿ ಅಕ್ಕ, ಹೆಸರು ಮಾತ್ರ ಬೇಡ. ಇರೋ ಕೆಲಸಾನೇ ಮುಗೀತಿಲ್ಲ" ಎಂದು ಮಾಲೀಕರೇ ಹೇಳಿದ್ದಾರೆ. ಬೋರ್ಡಿನಲ್ಲೂ ಹೆಸರು ಓದಲು ಬರುವುದಿಲ್ಲ, ಮಳೆಗೆ ತೊಳೆದುಹೋಗಿದೆ. ಮಡಿಕೇರಿ ಪೇಟೆಯ ಒಂದು ಇಳಿಜಾರು. ಬಾಗಿಲಲ್ಲಿ ದೇವರ ಫೋಟೋಗಳು, ಒಳಗೆ ಸತ್ತವರ ಫೋಟೋಗಳು. ಮರದ ಪುಡಿ, ವಾರ್ನಿಷ್, ಪಕ್ಕದ ಹೋಟೆಲಿನ ಕಾಫಿ, ಮೂರರ ವಾಸನೆಯೂ ಒಟ್ಟಿಗೆ ಬರುತ್ತದೆ. ಹುಡುಕುವವರಿಗೆ ಇಷ್ಟು ಸಾಕು.

ನಾನು ಅಂಚೆ ಇಲಾಖೆಯಲ್ಲಿ 34 ವರ್ಷ ಇದ್ದು ನಿವೃತ್ತಳಾದವಳು. ಕೌಂಟರು, ಸಾರ್ಟಿಂಗು, ಮನಿಯಾರ್ಡರು ಎಲ್ಲ ಮಾಡಿದ್ದೇನೆ. ಹಳೇ ಕಾಗದ ಕಂಡರೆ ಈಗಲೂ ಕೈ ತಾನಾಗಿಯೇ ಹೋಗುತ್ತದೆ. 2023ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಲಂಡನ್‌ಗೆ ಹೋಗಿದ್ದೆ. ಅವಳಿರುವುದು ಊರಿನ ಉತ್ತರಕ್ಕೆ, ಮಸ್ವೆಲ್ ಹಿಲ್ ಎಂಬ ಗುಡ್ಡದ ಮೇಲೆ. ಅಲ್ಲಿಂದ ಸ್ವಲ್ಪ ನಡೆದರೆ ಅಲೆಕ್ಸಾಂಡ್ರಾ ಪ್ಯಾಲೇಸ್. ಅರಮನೆ ಅಂದಳಲ್ಲ ಎಂದು ನಾನು ಮೈಸೂರು ಸಿಲ್ಕ್ ಉಟ್ಟು ಹೊರಟೆ. ಹೋಗಿ ನೋಡಿದರೆ ಅಲ್ಲಿ ಯಾವ ರಾಜನೂ ಇದ್ದವನಲ್ಲ. ಜನ ಬಂದು ಸಂಗೀತ ಕೇಳಲಿ, ವಸ್ತುಪ್ರದರ್ಶನ ನೋಡಲಿ, ಕುಣಿಯಲಿ ಎಂದು ಕಟ್ಟಿದ ಕಟ್ಟಡ ಅದು. ನಮ್ಮ ಮದುವೆ ಮಂಟಪಗಳಿಗೆಲ್ಲ ಮುತ್ತಜ್ಜ ಅನ್ನಿ. ಯುವರಾಜನಿಗೆ ಮದುವೆಯಾಗಿ ಬಂದ ಡೆನ್ಮಾರ್ಕಿನ ಹುಡುಗಿ ಅಲೆಕ್ಸಾಂಡ್ರಾಳ ಹೆಸರು ಇಟ್ಟಿದ್ದಾರೆ, ಅಷ್ಟೇ. ನಾನು ಹೋದ ಭಾನುವಾರ ಒಳಗೆ ಹಳೇ ಸಾಮಾನಿನ ಸಂತೆ ನಡೆಯುತ್ತಿತ್ತು. ಒಂದು ಶೂ ಡಬ್ಬದಲ್ಲಿ ಹಳೇ ಕಾರ್ಡುಗಳಿದ್ದವು. ಅದರಲ್ಲಿ ಸಿಕ್ಕಿತು ನಾನು ಫ್ರೇಮ್ ಹಾಕಿಸಿದ ಈ ಕಾರ್ಡು. 8 ಪೌಂಡ್. ಮಗಳು ನನ್ನನ್ನೇ ನೋಡಿದಳು. ನಾನು ಅವಳ ಕಡೆ ನೋಡಲಿಲ್ಲ.

ಕಾರ್ಡಿನ ಮುಂದೆ ಕಂದು ಬಣ್ಣದ ಚಿತ್ರ. ಒಂದು ಪ್ಲಾಟ್‌ಫಾರಂ, ಹೊಗೆ ಬಿಡುತ್ತಿರುವ ಸಣ್ಣ ಎಂಜಿನ್, ದೊಡ್ಡ ಟೋಪಿಯ ಇಬ್ಬರು ಹೆಂಗಸರು, ಹಿಂದೆ ಪ್ಯಾಲೇಸಿನ ಗೋಡೆ. ಹಿಂದಿನ ಬದಿ ನನಗೆ ಇನ್ನೂ ಇಷ್ಟ. ಏಳನೇ ಎಡ್ವರ್ಡ್‌ನ ತಲೆ ಇರುವ ಹಸಿರು ಅರ್ಧ ಪೆನ್ನಿ ಸ್ಟಾಂಪು. 1906ರ ಮುದ್ರೆ, ಮುದ್ರೆ ಒತ್ತಿದವನ ಕೈ ಸ್ವಲ್ಪ ಜಾರಿದೆ. ನನ್ನ ಕೈಯೂ ಹೀಗೇ ಜಾರುತ್ತಿತ್ತು. ಪೆನ್ಸಿಲ್ಲಿನಲ್ಲಿ ಮೂರು ಸಾಲು: ಸಂಗೀತ ಚೆನ್ನಾಗಿತ್ತು, ಇಲ್ಲಿ ಮಳೆ, ಏಳು ಗಂಟೆಯ ರೈಲಿಗೆ ಬರುತ್ತೇನೆ. ಆಗ ಲಂಡನ್‌ನಲ್ಲಿ ದಿನಕ್ಕೆ ಎಷ್ಟೋ ಸಲ ಟಪಾಲು ಹಂಚುತ್ತಿದ್ದರು. ಬೆಳಿಗ್ಗೆ ಡಬ್ಬಕ್ಕೆ ಹಾಕಿದ ಕಾರ್ಡು ಸಂಜೆಗೆ ಮನೆ ಸೇರುತ್ತಿತ್ತು. ಹಾಗಾಗಿಯೇ ಇಂಥ ಸಂದೇಶ. ಈಗಿನ ವಾಟ್ಸಾಪ್ ಇದ್ದ ಹಾಗೆ.

ಅದು ಎಂಟು ತಿಂಗಳು ನನ್ನ ಪಾಸ್‌ಬುಕ್ಕಿನೊಳಗೇ ಇತ್ತು. 2024ರ ಮಾರ್ಚ್ ಕೊನೆಗೆ ಫ್ರೇಮಿಗೆ ತೆಗೆದುಕೊಂಡು ಹೋದೆ.

ಮಾಲೀಕರು ತಲೆ ಎತ್ತಲಿಲ್ಲ. ಕೈಯಲ್ಲಿ ರಸೀದಿ ಪುಸ್ತಕ.

"ಹೆಸರು?"

ನನ್ನ ಹೆಸರು ಹೇಳಿದೆ.

"ನಿಮ್ದಲ್ಲ. ಫೋಟೋದವರದ್ದು."

"ಅಲೆಕ್ಸಾಂಡ್ರಾ ಪ್ಯಾಲೇಸ್ ಸ್ಟೇಷನ್."

"ಯಾವಾಗ ಹುಟ್ಟಿದ್ದು, ಯಾವಾಗ ತೀರಿಕೊಂಡಿದ್ದು?"

ತಮಾಷೆ ಅಲ್ಲ. ಇವರ ರಸೀದಿಯಲ್ಲೇ ಹಾಗೆ ಅಚ್ಚಾಗಿದೆ. ಹೆಸರು, ಜನನ, ಮರಣ, ಸೈಜು, ಅಡ್ವಾನ್ಸು. ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ತಿಥಿಗೆ ಮುಂಚೆ ಬೇಕಾಗುವ ಫೋಟೋಗಳು. ಕೆಳಗೆ ಹಿತ್ತಾಳೆ ಪಟ್ಟಿ, ಅದರಲ್ಲಿ ಕೆತ್ತಿದ ಹೆಸರು ಮತ್ತು ಎರಡು ತಾರೀಕು. ಅಕ್ಷರಕ್ಕೆ 8 ರೂಪಾಯಿ. ನನಗೂ ಪಟ್ಟಿ ಬೇಕಾಗಿತ್ತು. ಇಲ್ಲದಿದ್ದರೆ ಮನೆಗೆ ಬಂದವರೆಲ್ಲ "ಇದು ಮೈಸೂರು ಸ್ಟೇಷನ್ನಾ?" ಅಂತ ಕೇಳುತ್ತಾರೆ. ನಮ್ಮ ಜಿಲ್ಲೆಗೆ ರೈಲೇ ಬಂದಿಲ್ಲ ನೋಡಿ. ಮಡಿಕೇರಿಯವರಿಗೆ ಸ್ಟೇಷನ್ ಅಂದರೆ ಮೈಸೂರು, ಇಲ್ಲಾಂದ್ರೆ ಪೊಲೀಸರದ್ದು.

"ಹುಟ್ಟಿದ್ದು 24 ಮೇ 1873" ಎಂದೆ. ಮಗಳ ಮನೆಯಲ್ಲಿ ಕೂತು ಇದನ್ನೆಲ್ಲ ಓದಿಕೊಂಡಿದ್ದೆ. ಅವತ್ತು ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬ. ಪ್ಯಾಲೇಸೂ ಅದೇ ದಿನ, ಸ್ಟೇಷನ್ನೂ ಅದೇ ದಿನ. ಹೈಗೇಟ್ ಎಂಬಲ್ಲಿಂದ ಕವಲೊಡೆದು ಗುಡ್ಡ ಹತ್ತಿ ಬರುವ ಸಣ್ಣ ಮಾರ್ಗ. ರೈಲು ಓಡಿಸುತ್ತಿದ್ದದ್ದು ಗ್ರೇಟ್ ನಾರ್ದರ್ನ್ ಕಂಪನಿ. ಪ್ಯಾಲೇಸಿನ ಉತ್ತರದ ಬೆನ್ನಿಗೆ ಅಂಟಿಕೊಂಡ ಹಾಗೆ ಪ್ಲಾಟ್‌ಫಾರಂ. ಇಳಿದವರು ನಾಲ್ಕು ಹೆಜ್ಜೆ ಇಟ್ಟರೆ ಒಳಗೆ. ಅದಕ್ಕೆಂದೇ ಕಟ್ಟಿದ್ದು. ಅಲ್ಲಿ ಇಳಿಯುವವರಿಗೆ ಬೇರೆ ಊರೇ ಇರಲಿಲ್ಲ.

"ತೀರಿಕೊಂಡಿದ್ದು?"

ಇಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಪ್ಯಾಲೇಸ್ ಹದಿನಾರೇ ದಿನಕ್ಕೆ ಸುಟ್ಟುಹೋಯಿತು. 9 ಜೂನ್ 1873. ಅಷ್ಟರಲ್ಲೇ 1,20,000ಕ್ಕೂ ಹೆಚ್ಚು ಜನ ಬಂದು ನೋಡಿದ್ದರು. ಪ್ರದರ್ಶನಕ್ಕೆಂದು ಬೇರೆಯವರಿಂದ ಕಡ ತಂದಿಟ್ಟ ಸಾವಿರಾರು ಪಿಂಗಾಣಿ ಸಾಮಾನು ಹೋಯಿತು. ಕೆಲಸದ ಮೂವರು ಸತ್ತರು. ಪ್ಯಾಲೇಸೇ ಇಲ್ಲದ ಮೇಲೆ ಪ್ಯಾಲೇಸಿನ ಸ್ಟೇಷನ್ ಯಾರಿಗೆ ಬೇಕು? ಸ್ವಲ್ಪ ದಿನಕ್ಕೆ ರೈಲೂ ನಿಂತಿತು.

"ಹಾಗಾದ್ರೆ 1873 ಹುಟ್ಟು, 1873 ಸಾವು. ಎಳೆ ಕೂಸು" ಎಂದು ಬರೆಯಲು ಹೊರಟರು.

"ನಿಲ್ಲಿ, ಮತ್ತೆ ತೆರೆದರು. 1 ಮೇ 1875."

ಪೆನ್ನು ಕೆಳಗಿಟ್ಟರು. "ಅಕ್ಕ, ನೀವು ಮನೇಲಿ ತೀರ್ಮಾನ ಮಾಡ್ಕೊಂಡು ಬನ್ನಿ. ನಾನು ಅಷ್ಟರಲ್ಲಿ ಮರ ನೋಡ್ತೀನಿ."

ಮರದ ವಿಷಯಕ್ಕೆ ಬರುತ್ತೇನೆ. ಈ ಅಂಗಡಿಗೆ ಹೋಗಬೇಕು ಅನ್ನುವುದು ಅದಕ್ಕೇ.

ನಮ್ಮಲ್ಲಿ ಫೋಟೋ ಹಾಳಾಗುವುದು ಹೇಗೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಜೂನ್ ಬಂದರೆ ಗೋಡೆ ಬೆವರುತ್ತದೆ. ಜುಲೈಗೆ ಫ್ರೇಮಿನ ಹಿಂದಿನ ರಟ್ಟು ಹಪ್ಪಳದ ಹಾಗೆ ಉಬ್ಬುತ್ತದೆ. ಆಗಸ್ಟಿಗೆ ಅಜ್ಜನ ಮುಖದ ಮೇಲೆ ಬಿಳಿ ಬೂಸ್ಟು. ನನ್ನ ಮದುವೆ ಫೋಟೋ ಗಾಜಿಗೆ ಅಂಟಿಕೊಂಡು, ತೆಗೆಯಲು ಹೋದಾಗ ನನ್ನ ಅರ್ಧ ಗಲ್ಲ ಗಾಜಿನಲ್ಲೇ ಉಳಿಯಿತು. ಯಜಮಾನರ ಮುಖಕ್ಕೆ ಏನೂ ಆಗಿರಲಿಲ್ಲ, ಅದು ಬೇರೆ ಮಾತು. ಆ ಫ್ರೇಮ್ ಹಾಕಿಸಿದ್ದು ದೊಡ್ಡ ಊರಿನ ದೊಡ್ಡ ಅಂಗಡಿಯಲ್ಲಿ. ಎಲ್ಲಿ ಅಂತ ಕೇಳಬೇಡಿ.

ಇವರು ಆ ಕಥೆ ಕೇಳಿ "ಗಾಜಿಗೆ ಫೋಟೋ ತಾಗಿದ್ರೆ ಮುಗೀತು" ಎಂದರು. ಇವರ ಪದ್ಧತಿ ಹೀಗೆ. ಫೋಟೋಗೂ ಗಾಜಿಗೂ ನಡುವೆ ಸುತ್ತಲೂ ಸಣ್ಣ ಪಟ್ಟಿ ಇಟ್ಟು ಮೂರು ಮಿಲಿಮೀಟರ್ ಜಾಗ ಬಿಡುತ್ತಾರೆ. ಹಿಂದೆ ಮಾಮೂಲಿ ರಟ್ಟು ಹಾಕುವುದಿಲ್ಲ. ಅದರಲ್ಲಿ ಆಸಿಡ್ ಇರುತ್ತದೆ, ನಾಲ್ಕು ವರ್ಷದಲ್ಲಿ ಕಾಗದ ಹಳದಿ ಮಾಡುತ್ತದೆ. ಬೆಂಗಳೂರಿನಿಂದ ಹತ್ತಿಯ ರಟ್ಟು ತರಿಸುತ್ತಾರೆ. ಗೋಂದು, ಫೆವಿಕಾಲ್, ಟೇಪು ಯಾವುದನ್ನೂ ಫೋಟೋಗೆ ಮುಟ್ಟಿಸುವುದಿಲ್ಲ. ನಾಲ್ಕು ಮೂಲೆಗೆ ಕಾಗದದ ಪುಟ್ಟ ಜೇಬು, ಅದರಲ್ಲಿ ಕಾರ್ಡು ಸುಮ್ನೆ ಕೂತಿರುತ್ತದೆ. ನಾಳೆ ಬೇಕೆಂದರೆ ಹೊರಗೆ ತೆಗೆಯಬಹುದು. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬೆಂಡಿನ ತುಂಡು ಅಂಟಿಸುತ್ತಾರೆ. ಆಗ ಫ್ರೇಮು ಗೋಡೆಗೆ ತಾಗದೆ ಗಾಳಿ ಆಡುತ್ತದೆ. ಇಷ್ಟು ಸಣ್ಣ ಕೆಲಸ, ಯಾರೂ ಮಾಡುವುದಿಲ್ಲ.

ನನಗೆ ಕಾರ್ಡಿನ ಎರಡೂ ಬದಿ ಕಾಣಬೇಕಿತ್ತು. ಮುಂದೆ ಸ್ಟೇಷನ್ನು, ಹಿಂದೆ ಸ್ಟಾಂಪು. "ಎರಡು ಗಾಜು ಹಾಕಿ ಸ್ಯಾಂಡ್‌ವಿಚ್ ಮಾಡಿ" ಎಂದೆ. ಒಪ್ಪಿದರು. ಆದರೆ ಅದಕ್ಕೆ ಮರ ದಪ್ಪ ಬೇಕು, ರೆಡಿಮೇಡ್ ಪಟ್ಟಿ ಆಗುವುದಿಲ್ಲ, ಗಾಜು ಕೂರುವ ತೋಡನ್ನು ಕೈಯಲ್ಲೇ ಕೊರೆಯಬೇಕು ಅಂದರು. ತೇಗ ತೋರಿಸಿದರು. ನಾನು ಹಲಸು ಕೇಳಿದೆ. ಹಲಸು ಮೊದಲು ಅರಿಶಿನದ ಹಾಗಿದ್ದು ಬರಬರುತ್ತಾ ಕಂದಾಗುತ್ತದೆ, ಕಾರ್ಡಿನ ಬಣ್ಣಕ್ಕೆ ತಾನೇ ಬಂದು ಸೇರುತ್ತದೆ. "ಪೋಸ್ಟಾಫೀಸಲ್ಲಿ ಇದೂ ಕಲಿಸ್ತಾರಾ?" ಎಂದು ಕೇಳಿದರು. ಅಲ್ಲಿಂದ ಮುಂದೆ ನಮ್ಮಿಬ್ಬರಿಗೂ ಸರಿಹೋಯಿತು.

ಒಂದು ವಾರ ಬಿಟ್ಟು ಹೋದೆ. ಆಗಿರಲಿಲ್ಲ. ಕಾರಣ ಹಾಕಿ. ಆ ವರ್ಷ ಕುಂಡ್ಯೋಳಂಡ ಕುಟುಂಬದವರ ಹಾಕಿ ನಮ್ಮೆ, ಅಂದರೆ ಕೊಡವ ಕುಟುಂಬಗಳ ಹಾಕಿ ಹಬ್ಬ, ನಾಪೋಕ್ಲುವಿನಲ್ಲಿ ನಡೆಯುತ್ತಿತ್ತು. 360 ತಂಡ! 1997ರಲ್ಲಿ ಕರಡದಲ್ಲಿ ಶುರುವಾದಾಗ 60 ಇತ್ತು. ಒಂದೊಂದು ತಂಡಕ್ಕೂ ಒಂದು ಗ್ರೂಪ್ ಫೋಟೋ, ಒಂದೊಂದು ಮನೆಗೂ ಒಂದು ಪ್ರತಿ. ಅಂಗಡಿ ತುಂಬಾ ಹಾಕಿ ಸ್ಟಿಕ್ ಹಿಡಿದು ನಿಂತ ಅಣ್ಣತಮ್ಮಂದಿರು. ಸತ್ತವರಿಗೆ ಜಾಗವೇ ಇರಲಿಲ್ಲ. ನನ್ನ ಸ್ಟೇಷನ್ ಯಾವುದೋ ಮೂಲೆಯಲ್ಲಿತ್ತು.

"ತಾರೀಕು ತೀರ್ಮಾನ ಆಯ್ತಾ?" ಎಂದು ಅವರೇ ಕೇಳಿದರು. ಕೆಲಸ ಆಗಿಲ್ಲದಿದ್ದರೂ ಪ್ರಶ್ನೆ ಮರೆತಿರಲಿಲ್ಲ.

ನಾನು ಹೇಳಿದೆ, ಆ ಸ್ಟೇಷನ್ 1875ರಲ್ಲಿ ಮತ್ತೆ ತೆರೆದ ಮೇಲೂ ನೆಟ್ಟಗೆ ಬದುಕಲಿಲ್ಲ. ಜನ ಬಂದರೆ ರೈಲು, ಇಲ್ಲದಿದ್ದರೆ ಇಲ್ಲ. ಪ್ಯಾಲೇಸಿನವರಿಗೆ ದುಡ್ಡಿಲ್ಲದೆ ಬಾಗಿಲು ಹಾಕಿದಾಗ ಸ್ಟೇಷನ್ನಿಗೂ ಬೀಗ. ಪ್ಯಾಲೇಸ್ ತೆರೆದಾಗ ಬೀಗ ತೆಗೆಯುವುದು. ಹೀಗೆ ಹಲವು ಸಲ ಆಗಿದೆ. ನಡುವೆ ಒಮ್ಮೆ ಹೆಸರನ್ನೂ ಬದಲಾಯಿಸಿ ಅಲೆಕ್ಸಾಂಡ್ರಾ ಪಾರ್ಕ್ ಅಂದರು, ಮತ್ತೆ ಹಳೇ ಹೆಸರಿಗೇ ಬಂದರು.

ಅವರು ಹಾಕಿ ಫೋಟೋಗಳ ಕಡೆ ಕೈ ತೋರಿಸಿದರು. "ಈಗ ನಾಪೋಕ್ಲು ರೋಡು ನೋಡಿ. ಗಾಡಿ ಇಡಕ್ಕೆ ಜಾಗ ಇಲ್ಲ. ಮೇ ತಿಂಗಳಲ್ಲಿ ಹೋಗಿ, ದನ ಮೇಯ್ತಿರುತ್ತೆ. ಅಲ್ಲಿಗೆ ರೈಲು ಹಾಕಿದ್ರೂ ಇದೇ ಗತಿ."

ಸರಿಯಾಗಿ ಹೇಳಿದರು. ನಾನು ಲಂಡನ್‌ನಲ್ಲಿ ಅಷ್ಟು ಓದಿದರೂ ಹೊಳೆಯದೇ ಇದ್ದದ್ದು ಇದು. ಕಾರ್ಯಕ್ರಮಕ್ಕೆಂದು ಕಟ್ಟಿದ ಸ್ಟೇಷನ್ನಿಗೆ ವರ್ಷದಲ್ಲಿ ನಾಲ್ಕು ದಿನ ಉಸಿರುಗಟ್ಟುವಷ್ಟು ಜನ, ಮಿಕ್ಕ ದಿನ ಸ್ಟೇಷನ್ ಮಾಸ್ಟರು ಮತ್ತು ಬೆಕ್ಕು. ಕುದುರೆ ಪಂದ್ಯದ ದಿನ ಜನ ಇರುತ್ತಿದ್ದರಂತೆ. ಪ್ಯಾಲೇಸಿನ ಕೆಳಗೇ ಪಂದ್ಯದ ಬಯಲಿತ್ತು. 1868ರಿಂದ 1970ರವರೆಗೆ ನಡೆಯಿತು. ಆಕಾರ ನೋಡಿ ಅದಕ್ಕೆ ಬಾಣಲೆ ಎಂದೇ ಅಡ್ಡಹೆಸರು. ಆದರೆ ಕುದುರೆ ದಿನಾ ಓಡುವುದಿಲ್ಲವಲ್ಲ. ಮೊದಲ ಮಹಾಯುದ್ಧ ಬಂದಾಗ ಪ್ಯಾಲೇಸಿನಲ್ಲಿ ಮೊದಲು ಬೆಲ್ಜಿಯಂನ ನಿರಾಶ್ರಿತರನ್ನು ಇಟ್ಟರು. ಆಮೇಲೆ ಅದೇ ಹಾಲ್‌ಗಳಲ್ಲಿ ಜರ್ಮನ್ನರನ್ನು ಕೂಡಿಹಾಕಿದರು. ಸೈನಿಕರಲ್ಲ, ಲಂಡನ್‌ನಲ್ಲೇ ಅಂಗಡಿ ಇಟ್ಟುಕೊಂಡು ಸಂಸಾರ ಮಾಡಿಕೊಂಡಿದ್ದವರೂ ಅದರಲ್ಲಿದ್ದರು. ನನ್ನ ಕಾರ್ಡಿನಲ್ಲಿ ದೊಡ್ಡ ಟೋಪಿಯವರು ಸಂಗೀತಕ್ಕೆಂದು ಇಳಿದು ಎಂಟೇ ವರ್ಷಕ್ಕೆ ಇದೆಲ್ಲ.

"ಇಷ್ಟು ಸಲ ಮುಚ್ಚಿದ್ದಕ್ಕೆಲ್ಲ ತಾರೀಕು ಹಾಕಿದ್ರೆ ಹಿತ್ತಾಳೆ ಸಾಲಲ್ಲ. ಮಧ್ಯದ್ದು ಸಾವಲ್ಲ ಅಕ್ಕ. ನಮ್ಮ ಮಾವ ಹದಿನೆಂಟು ತಿಂಗಳು ಮಾತಿಲ್ಲದೆ ಮಲಗಿದ್ರು. ಅದನ್ನ ಪಟ್ಟೀಲಿ ಬರೆದ್ವಾ? ಕೊನೇದು ಹೇಳಿ."

ಕೊನೆಯದ್ದೇ ಕಷ್ಟ. ಮೂರನೇ ಸಲ ಹೋದಾಗ ಅದರ ಬಗ್ಗೆ ಮಾತಾಯಿತು. ಆಗಲೂ ಕೆಲಸ ಅರ್ಧ. ಮರ ಕೊರೆದಿದ್ದರು, ಗಾಜು ಬಂದಿರಲಿಲ್ಲ. ನನಗೆ ಸಿಟ್ಟು ಬಂತು, ಕಾಫಿ ತರಿಸಿ ಸಮಾಧಾನ ಮಾಡಿದರು. ಹೋಟೆಲಿನ ಕಾಫಿಯಲ್ಲಿ ಚಿಕೋರಿ ಜಾಸ್ತಿ. ಕೊಡಗಿನಲ್ಲಿ ಕೂತು ಚಿಕೋರಿ ಕುಡಿಯುವ ಕರ್ಮ.

ಆ ಸ್ಟೇಷನ್ನಿಗೆ ಒಳ್ಳೇ ದಿನ ಬರಬೇಕಾಗಿತ್ತು. 1935ರಲ್ಲಿ ಒಂದು ದೊಡ್ಡ ಯೋಜನೆ ಮಾಡಿದರು. ಈ ಕವಲು ಮಾರ್ಗವನ್ನು ವಿದ್ಯುತ್ ಮಾರ್ಗ ಮಾಡಿ ಲಂಡನ್ನಿನ ಸುರಂಗ ರೈಲಿಗೆ, ಅಂದರೆ ನಾರ್ದರ್ನ್ ಲೈನಿಗೆ ಸೇರಿಸುವುದು. ಹಾಗಾಗಿದ್ದರೆ ಊರಿನ ನಡುವಿನಿಂದ ನೇರವಾಗಿ ಪ್ಯಾಲೇಸಿಗೇ ಬಂದು ಇಳಿಯಬಹುದಿತ್ತು. ಮಾರ್ಗ ಮುಗಿಯುವ ಮೊದಲೇ ರೈಲಿನ ನಕ್ಷೆಯಲ್ಲಿ ಅದನ್ನು ಅಚ್ಚು ಹಾಕಿಯೂ ಬಿಟ್ಟಿದ್ದರು. ಇದೇ ಹೊತ್ತಿಗೆ ಪ್ಯಾಲೇಸಿನಲ್ಲಿ ಇನ್ನೊಂದು ದೊಡ್ಡ ಸಂಗತಿ ನಡೆದಿತ್ತು. 2 ನವೆಂಬರ್ 1936ರಂದು ಬಿಬಿಸಿಯವರು ಅಲ್ಲಿಂದಲೇ ಟಿವಿ ಪ್ರಸಾರ ಶುರು ಮಾಡಿದರು. ಹಿಂದಿನ ಬಾಗಿಲಲ್ಲಿ ಉಗಿಬಂಡಿ, ಮುಂದಿನ ಗೋಪುರದಲ್ಲಿ ಟಿವಿ. ನಮ್ಮ ಮನೆಗೆ ಟಿವಿ ಬಂದದ್ದು ನಾನು ಕೆಲಸಕ್ಕೆ ಸೇರಿದ ಮೇಲೆ.

1939ರಲ್ಲಿ ಮತ್ತೆ ಯುದ್ಧ. ಕೆಲಸ ನಿಂತಿತು. ಪಕ್ಕದ ಹೈ ಬಾರ್ನೆಟ್ ಮಾರ್ಗ 1940ರಲ್ಲಿ ಹೇಗೋ ಸುರಂಗ ರೈಲಿಗೆ ಸೇರಿತು. ಇದು ಮಾತ್ರ ಸೇರಲಿಲ್ಲ. 1942ರ ನಂತರ ಆಫೀಸಿಗೆ ಹೋಗುವ, ಬರುವ ಹೊತ್ತಿಗೆ ಮಾತ್ರ ರೈಲು. ಅಷ್ಟರಲ್ಲಿ ಜನ ಬಸ್ಸಿಗೆ ಒಗ್ಗಿಹೋಗಿದ್ದರು. 1951ರ ಚಳಿಗಾಲದಲ್ಲಿ ಕಲ್ಲಿದ್ದಲು ಸಾಲದೆ ಎರಡು ತಿಂಗಳು ಮತ್ತೆ ಬೀಗ. 1952ರ ಜನವರಿಯಲ್ಲಿ ತೆರೆದರು. ಇನ್ನು ಎರಡೂವರೆ ವರ್ಷ ಅಷ್ಟೇ.

ನಕ್ಷೆಯ ವಿಷಯ ಅವರಿಗೆ ಬಹಳ ಹಿಡಿಸಿತು. "ನಮ್ಮ ಕುಶಾಲನಗರದ ರೈಲು!" ಎಂದು ನಕ್ಕರು. ಮೈಸೂರಿನಿಂದ ಕುಶಾಲನಗರಕ್ಕೆ ರೈಲು ಬರುತ್ತದೆ ಅನ್ನುವುದನ್ನು ಪ್ರತಿ ಚುನಾವಣೆಯಲ್ಲೂ ಕೇಳಿದ್ದೇವೆ. ಸರ್ವೆ ಆಯಿತು ಅಂತ ಪೇಪರಿನಲ್ಲಿ ಓದುತ್ತೇವೆ. ಬೇಕು ಅನ್ನುವವರೂ ಇದ್ದಾರೆ, ಕಾಡು ಹೋಗುತ್ತದೆ ಬೇಡ ಅನ್ನುವವರೂ ಇದ್ದಾರೆ. ಹೀಗೆ ನೋಡಿದರೆ ಜಿಲ್ಲೆಯಲ್ಲಿ ನಾನು ಹತ್ತಿದ ಒಂದೇ ರೈಲು ರಾಜಾಸೀಟಿನ ಹತ್ತಿರದ ಪುಟಾಣಿ ರೈಲು. ಅದು ಹೊರಟಲ್ಲಿಗೇ ಬಂದು ನಿಲ್ಲುತ್ತಿತ್ತು.

"ಸರಿ, ಕೊನೇ ತಾರೀಕು?"

"ಕೊನೇ ರೈಲು 3 ಜುಲೈ 1954, ಶನಿವಾರ. ಲೆಕ್ಕಕ್ಕೆ ಮುಚ್ಚಿದ್ದು 5ನೇ ತಾರೀಕು, ಸೋಮವಾರ. ಯಾವುದು ಹಾಕೋಣ?"

ಅವರು ಯೋಚನೆಯೇ ಮಾಡಲಿಲ್ಲ. "ಶನಿವಾರ. ಸೋಮವಾರದ್ದು ಸರ್ಟಿಫಿಕೇಟು. ನಾವು ಯಾವಾಗ್ಲೂ ಉಸಿರು ನಿಂತ ದಿನಾನೇ ಹಾಕೋದು."

ನಾನು ಒಂದು ತಕರಾರು ತೆಗೆದೆ. ಕಟ್ಟಡ ಇನ್ನೂ ಇದೆ. ಪ್ಯಾಲೇಸಿನ ಹಿಂಬದಿಗೆ ಹೋದರೆ ಇಟ್ಟಿಗೆಯ ಆ ಹಳೇ ಸ್ಟೇಷನ್ ಮನೆ ಕಾಣುತ್ತದೆ, ಈಗ ಅದು ಸಮುದಾಯ ಭವನ. ಹಳಿ ಇದ್ದ ಕಡೆ ಜನ ನಡೆಯುತ್ತಾರೆ. ಪಾರ್ಕ್‌ಲ್ಯಾಂಡ್ ವಾಕ್ ಎಂದು 1984ರಲ್ಲಿ ಅದನ್ನು ಕಾಲುದಾರಿ ಮಾಡಿದರು. ನಾನೂ ನಡೆದಿದ್ದೇನೆ. ಮಸ್ವೆಲ್ ಹಿಲ್ ಹತ್ತಿರ ಹದಿನೇಳು ಕಮಾನಿನ ಸೇತುವೆ ಇದೆ. ಮೇಲೆ ನಿಂತರೆ ಲಂಡನ್ ಕೆಳಗೆ ಚೆಲ್ಲಿಕೊಂಡಿರುತ್ತದೆ, ರಾಜಾಸೀಟಿನಿಂದ ಕಣಿವೆ ನೋಡಿದ ಹಾಗೆ. ಮಸ್ವೆಲ್ ಹಿಲ್ ಸ್ಟೇಷನ್ ಇದ್ದ ಜಾಗದಲ್ಲಿ ಮಕ್ಕಳ ಶಾಲೆ. ಹೈಗೇಟಿನ ಹಳೇ ಸುರಂಗಗಳಲ್ಲಿ ಬಾವಲಿಗಳು. ಅವುಗಳಿಗೆ ತೊಂದರೆ ಆಗಬಾರದೆಂದು ಮುಚ್ಚಿಟ್ಟಿದ್ದಾರೆ. ಹೆಸರೂ ಸತ್ತಿಲ್ಲ. ಕೆಳಗಿನ ಮುಖ್ಯ ಮಾರ್ಗದಲ್ಲಿ ವುಡ್ ಗ್ರೀನ್ ಅಂತ ಒಂದು ಸ್ಟೇಷನ್ ಇತ್ತು. 1982ರಲ್ಲಿ ಅದಕ್ಕೆ ಅಲೆಕ್ಸಾಂಡ್ರಾ ಪ್ಯಾಲೇಸ್ ಎಂದು ಹೆಸರಿಟ್ಟರು. ಈಗ ಪ್ಯಾಲೇಸಿಗೆ ಹೋಗುವವರು ಅಲ್ಲಿ ಇಳಿದು ಗುಡ್ಡ ಹತ್ತಬೇಕು, ಇಲ್ಲವೇ ಬಸ್ಸು ಹಿಡಿಯಬೇಕು. 2007ರಿಂದ ಪ್ರತಿ ಡಿಸೆಂಬರಿನಲ್ಲಿ ಅಲ್ಲಿ ಡಾರ್ಟ್ಸ್, ಅಂದರೆ ಹಲಗೆಗೆ ಪುಟ್ಟ ಬಾಣ ಎಸೆಯುವ ಆಟದ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತದೆ. ಮಗಳು ಹೇಳುವ ಪ್ರಕಾರ ಆಗ ವೇಷ ಹಾಕಿಕೊಂಡ ಗಂಡಸರು ಬಸ್ಸಿಗಾಗಿ ಚಳಿಯಲ್ಲಿ ಕುಣಿಯುತ್ತಾ ನಿಂತಿರುತ್ತಾರೆ. ಬಾಗಿಲಿಗೇ ಬರುತ್ತಿದ್ದ ರೈಲನ್ನು ಇವರೇ ಕಿತ್ತುಹಾಕಿದ್ದು!

"ತಾತನ ಹೆಸರು ಮೊಮ್ಮಗನಿಗೆ ಇಡ್ತಾರಲ್ಲ, ಹಾಗೆ" ಎಂದರು ಮಾಲೀಕರು.

"ಹಾಗೂ ಅಲ್ಲ. ವುಡ್ ಗ್ರೀನ್ 1859ರದ್ದು. ತೀರಿಹೋದ ತಮ್ಮನ ಹೆಸರು ಅಣ್ಣ ಇಟ್ಟುಕೊಂಡ ಹಾಗಾಯಿತು."

ಸ್ವಲ್ಪ ಹೊತ್ತು ಮರಕ್ಕೆ ಉಜ್ಜುಕಾಗದ ಉಜ್ಜಿದರು. ಆಮೇಲೆ ಹೇಳಿದರು: "ಕಟ್ಟಡ ಇರೋದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಕ್ಕ. ಎಷ್ಟೋ ಐನ್‌ಮನೆ, ಹಿರೀಕರ ಮನೆ, ಗಟ್ಟಿಯಾಗೇ ಇದಾವೆ. ದೀಪ ಹಚ್ಚೋರು ಬೆಂಗಳೂರಲ್ಲಿ." 1873–1954 ಎಂದು ಅವತ್ತೇ ಖಾಯಂ ಆಯಿತು.

ಇನ್ನು ಪಟ್ಟಿಯ ಲೆಕ್ಕ. ಇಲ್ಲಿ ಸ್ವಲ್ಪ ಹುಷಾರಾಗಿರಿ. ಅಕ್ಷರಕ್ಕೆ 8 ರೂಪಾಯಿ ಅನ್ನುತ್ತಾರೆ, ಆದರೆ ಒತ್ತಕ್ಷರಕ್ಕೆ ಬೇರೆ ಎಣಿಸುತ್ತಾರೆ. ಅಲೆಕ್ಸಾಂಡ್ರಾ ಪ್ಯಾಲೇಸ್ ಸ್ಟೇಷನ್ ಎಂದರೆ ನನ್ನ ಲೆಕ್ಕಕ್ಕೆ ಹತ್ತು ಅಕ್ಷರ. ಅವರ ಲೆಕ್ಕಕ್ಕೆ ಹದಿನೈದು. ನಾಲ್ಕು ಒತ್ತು, ಒಂದು ಸೊನ್ನೆ. ಟೆಲಿಗ್ರಾಂಗೆ ಪದ ಎಣಿಸಿದ ಕೈ ನನ್ನದು, ಬಿಡುತ್ತೇನಾ? ಒತ್ತು ಕೆತ್ತಲು ಉಳಿ ಬೇರೆ ಹಿಡಿಯಬೇಕು ಅಂದರು, ಅದು ನ್ಯಾಯ, ಒಪ್ಪಿದೆ. ಸೊನ್ನೆಗೆ ಕೊಡುವುದಿಲ್ಲ ಅಂದೆ. ಹದಿನಾಲ್ಕಕ್ಕೆ ಬಂದರು. 24-5-1873, 3-7-1954 ಎಂದು ತಾರೀಕಿನ ಅಂಕಿ ಹದಿಮೂರು, ಅಡ್ಡಗೆರೆ ಫ್ರೀ. ಒಟ್ಟು 27ಕ್ಕೆ 216 ರೂಪಾಯಿ. ನಿಮ್ಮ ಮನೆಯವರ ಹೆಸರು ಕೃಷ್ಣಮೂರ್ತಿ ಗಿಷ್ಣಮೂರ್ತಿ ಆಗಿದ್ದರೆ ಮೊದಲೇ ಮಾತಾಡಿಕೊಳ್ಳಿ.

ಮೊದಲ ಪಟ್ಟಿ ತಪ್ಪಾಯಿತು. "ಅಲೆಗ್ಸಾಂಡರ್" ಎಂದು ಕೆತ್ತಿಬಿಟ್ಟಿದ್ದರು. ತೋರಿಸಿದ ತಕ್ಷಣ ಮಾತಿಲ್ಲದೆ ಬೇರೆ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ. ಇದು ಅವರ ದೊಡ್ಡ ಗುಣ. ಆದರೆ ಅದಕ್ಕೇ ಇನ್ನೊಂದು ವಾರ ಹೋಯಿತು. ಮೇ ಎರಡನೇ ವಾರ ಕೈಗೆ ಬಂತು.

ಮರ, ಕೊರೆದ ಕೂಲಿ, ಎರಡು ಗಾಜು, ರಟ್ಟು, ಪಟ್ಟಿ ಸೇರಿ 2,150 ರೂಪಾಯಿ. 8 ಪೌಂಡಿನ ಕಾರ್ಡಿಗೆ ಇಷ್ಟಾ ಎಂದು ಮಗಳು ಫೋನಿನಲ್ಲಿ ಕೇಳಿದಳು. ಹೌದು ಇಷ್ಟೇ. ಗೂಗಲ್ ಪೇ ಇಟ್ಟಿಲ್ಲ, ನಗದು ತೆಗೆದುಕೊಂಡು ಹೋಗಿ. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಬಾಗಿಲು ಅರ್ಧ ಎಳೆದಿರುತ್ತದೆ, ಒಳಗೆ ಮಲಗಿರುತ್ತಾರೆ, ಎಬ್ಬಿಸಬೇಡಿ. ಫೋನ್ ಎತ್ತುವುದಿಲ್ಲ. ತಿಥಿಗೆ ಬೇಕಾದ ಫೋಟೋ ಆದರೆ ತಾರೀಕು ತಪ್ಪಿಸುವುದಿಲ್ಲ ಎಂದು ಅಕ್ಕಪಕ್ಕದವರು ಹೇಳಿದರು. ನನ್ನಂಥವರ ಕೆಲಸ ಮಾತ್ರ ಹಿಂದೆ ಬೀಳುತ್ತದೆ. ಎಪ್ಪತ್ತು ವರ್ಷದ ಹಿಂದೆ ಸತ್ತದ್ದಕ್ಕೆ ಏನು ಅವಸರ ಅಂತ ಇರಬೇಕು.

ನಾನು ಈಗ ಬರೆಯುತ್ತಿರುವುದು ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ. ಬೇಕೆಂದೇ ಕಾದೆ. ಫ್ರೇಮ್ ತಂದ ದಿನ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅದು ನಮ್ಮ ಪಡಸಾಲೆಯ ಪಶ್ಚಿಮದ ಗೋಡೆಯಲ್ಲಿತ್ತು. ಮನೆಯಲ್ಲಿ ಅತಿ ಹೆಚ್ಚು ಬೆವರುವ ಗೋಡೆ ಅದು. ಪಕ್ಕದ ಕ್ಯಾಲೆಂಡರ್ ಮುದುರಿತು. ಮಾವನವರ ಫೋಟೋದ ರಟ್ಟು ಉಬ್ಬಿತು. ಸ್ಟೇಷನ್ನಿಗೆ ಏನೂ ಆಗಿಲ್ಲ. ಅಕ್ಟೋಬರಿನಲ್ಲಿ ಇಳಿಸಿ ಬಿಸಿಲಲ್ಲಿ ತಿರುಗಿಸಿ ನೋಡಿದೆ. ಬೂಸ್ಟಿಲ್ಲ, ಹುಳ ಇಲ್ಲ, ಸ್ಟಾಂಪಿನ ಹಸಿರು ಹಾಗೇ ಇದೆ. ಒಂದು ಗಾಜಿನ ಮೂಲೆಯಲ್ಲಿ ಒಂದೇ ಒಂದು ಮರದ ಪುಡಿ ಒಳಗೆ ಸಿಕ್ಕಿಕೊಂಡಿದೆ. ಸರಿಯಾಗಿ ಎಂಜಿನ್ನಿನ ಹೊಗೆಯ ಮೇಲೆ ಕೂತಿರುವುದರಿಂದ ಬಂದವರಿಗೆ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗುತ್ತದೆ. ಅರ್ಧ ಅಂಕ ಕಡಿಮೆ ಮಾಡಿದ್ದು ಅದಕ್ಕೇ.

ಇನ್ನೊಂದು ಹೇಳಬೇಕು. ಫ್ರೇಮಿನ ಮೇಲಂಚಿನಲ್ಲಿ ಎಡಕ್ಕೊಂದು ಬಲಕ್ಕೊಂದು ಸಣ್ಣ ಹಿತ್ತಾಳೆ ಮೊಳೆ ಹೊಡೆದಿದ್ದರು. ಹಾರ ಹಾಕಲು. ಕೈ ಅಭ್ಯಾಸ. ನಾನು ತೋರಿಸಿದಾಗ ನಾಲಿಗೆ ಕಚ್ಚಿಕೊಂಡು ಇಕ್ಕಳ ತೆಗೆದರು. ಕಿತ್ತರೆ ಹಲಸಿನಲ್ಲಿ ತೂತು ಉಳಿಯುತ್ತದಲ್ಲ, ಬೇಡ ಅಂದೆ. ಈಗ ಎಡಗಡೆಯ ಮೊಳೆಗೆ ನನ್ನ ಕನ್ನಡಕದ ದಾರ, ಬಲಗಡೆಯದಕ್ಕೆ ಗೇಟಿನ ಕೀ.